ಮುಂಬಯಿ ಟ್ರಾಫಿಕ್‌ನಲ್ಲಿ ಓಡುವ ಗಾಡಿಗೆ ಎಂಜಿನ್ ಆಯಿಲ್: ಸಿಂಥೆಟಿಕ್ ಬೇಕಾ, ಯಾವಾಗ ಬದಲಾಯಿಸಬೇಕು?

ಗಣೇಶ ಚತುರ್ಥಿ ಹತ್ತಿರ ಬಂತೆಂದರೆ ಮುಂಬಯಿ, ಠಾಣೆ, ಡೊಂಬಿವಲಿ, ಪುಣೆಯ ನಮ್ಮವರೆಲ್ಲ ಊರಿಗೆ ಹೊರಡುವ ಮೊದಲು ಗಾಡಿಯನ್ನು ಗ್ಯಾರೇಜಿಗೆ ಒಯ್ಯುತ್ತಾರೆ. ಅಲ್ಲಿ ಮೆಕ್ಯಾನಿಕ್ ಕೇಳುವ ಪ್ರಶ್ನೆ ಒಂದೇ: ಸಿಂಥೆಟಿಕ್ ಹಾಕಲಾ, ಸಾದಾ ಹಾಕಲಾ? ಸಿಂಥೆಟಿಕ್‌ನ ಬೆಲೆ ಸುಮಾರು ಎರಡು ಪಟ್ಟು. ಕೆಲವರು ದುಡ್ಡು ಜಾಸ್ತಿ ಅಂದ ಮೇಲೆ ಒಳ್ಳೆಯದೇ ಇರಬೇಕು ಅಂತ ಹೂಂ ಅನ್ನುತ್ತಾರೆ. ಇನ್ನು ಕೆಲವರು ಹಳೆ ಗಾಡಿಗೆ ಅದೆಲ್ಲ ಯಾಕೆ ಅಂತ ಸಾದಾ ಹಾಕಿಸಿಕೊಂಡು, ಮುಂದಿನ ಚತುರ್ಥಿಯವರೆಗೆ ಆ ಕಡೆ ತಲೆ ಹಾಕುವುದಿಲ್ಲ.

ನಾನು ಹೇಳುವುದು ಇಷ್ಟು. ಮೊದಲು ಯಾವಾಗ ಬದಲಾಯಿಸಬೇಕು ಅನ್ನುವುದನ್ನು ಸರಿಮಾಡಿಕೊಳ್ಳಿ. ಆಮೇಲೆ ನಿಮ್ಮ ಎಂಜಿನ್ ಯಾವ ಗ್ರೇಡ್, ಅಂದರೆ ಎಷ್ಟು ದಪ್ಪದ ಆಯಿಲ್, ಕೇಳುತ್ತದೆ ನೋಡಿ. ಸಿಂಥೆಟಿಕ್ಕೋ ಸಾದಾವೋ ಅನ್ನುವುದು ಕೊನೆಗೆ ಬರುವ ಪ್ರಶ್ನೆ, ಎಷ್ಟೋ ಗಾಡಿಗಳಿಗೆ ಆ ಪ್ರಶ್ನೆ ಏಳುವುದೇ ಇಲ್ಲ. ಸರಿಯಾದ ಸಮಯಕ್ಕೆ ಬದಲಾಯಿಸಿದ ಸಾದಾ ಆಯಿಲ್, ಎರಡು ವರ್ಷ ಹಾಗೇ ಬಿಟ್ಟ ದುಬಾರಿ ಸಿಂಥೆಟಿಕ್‌ಗಿಂತ ಎಂಜಿನ್ನಿಗೆ ಎಷ್ಟೋ ಮೇಲು.

ಕಿಲೋಮೀಟರ್ ಒಂದನ್ನೇ ನಂಬಬೇಡಿ

ಇವತ್ತಿನ ಹೆಚ್ಚಿನ ಪೆಟ್ರೋಲ್ ಕಾರುಗಳ ಮ್ಯಾನುವಲ್‌ನಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಅಂತ ಬರೆದಿರುತ್ತದೆ. ಜನ ಮೊದಲಿನ ಅರ್ಧ ಮಾತ್ರ ಓದುತ್ತಾರೆ. ವರ್ಷದ ಮಾತು ಮರೆತುಹೋಗುತ್ತದೆ. ಅದೇ ಮ್ಯಾನುವಲ್‌ನ ಹಿಂದಿನ ಪುಟಗಳಲ್ಲಿ ಇನ್ನೊಂದು ಪಟ್ಟಿ ಇರುತ್ತದೆ: ಕಠಿಣ ಬಳಕೆಯ ಪಟ್ಟಿ. ಚಿಕ್ಕ ಚಿಕ್ಕ ಓಡಾಟ, ನಿಂತು ನಿಂತು ಹೋಗುವ ಟ್ರಾಫಿಕ್, ಧೂಳು, ಸೆಕೆ, ತುಂಬಾ ಹೊತ್ತು ಎಂಜಿನ್ ಚಾಲೂ ಇಟ್ಟು ನಿಲ್ಲುವುದು ಇದ್ದರೆ ಬೇಗ ಬದಲಾಯಿಸಿ ಅಂತ ಅಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ಅರ್ಧಕ್ಕರ್ಧ. ಸಾಕಿನಾಕಾ ಸಿಗ್ನಲ್, ಘೋಡಬಂದರ್ ರೋಡ್, ಸಂಜೆ ಏಳು ಗಂಟೆಯ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಪುಣೆಯ ಹಿಂಜೆವಾಡಿ ರಸ್ತೆ, ಇವೆಲ್ಲ ಕಠಿಣ ಬಳಕೆಯೇ ಅಲ್ವಾ? ಆ ಪಟ್ಟಿ ನಮಗಾಗಿಯೇ ಬರೆದದ್ದು ಅಂತ ತಿಳಿದುಕೊಳ್ಳಿ.

ಲೆಕ್ಕ ಹಾಕಿ ನೋಡಿ. ನಗರದಲ್ಲಿ ನಿಮ್ಮ ಸರಾಸರಿ ವೇಗ ಗಂಟೆಗೆ 15 ಕಿಲೋಮೀಟರ್ ಅಂದುಕೊಳ್ಳಿ. 10,000 ಕಿಲೋಮೀಟರ್ ಆಗುವಷ್ಟರಲ್ಲಿ ಎಂಜಿನ್ 660 ಗಂಟೆಗೂ ಜಾಸ್ತಿ ಓಡಿರುತ್ತದೆ. ಅದೇ ಗಾಡಿ ಕೊಲ್ಹಾಪುರ, ಬೆಳಗಾವಿ ದಾರಿಯಲ್ಲಿ ಗಂಟೆಗೆ 60ರ ಸರಾಸರಿಯಲ್ಲಿ ಓಡಿದ್ದರೆ ಅಷ್ಟೇ ದೂರಕ್ಕೆ 167 ಗಂಟೆ ಸಾಕು. ಮೀಟರ್ ಎರಡೂ ಕಡೆ ಒಂದೇ ಅಂಕಿ ತೋರಿಸುತ್ತದೆ, ಆಯಿಲ್ ದುಡಿದದ್ದು ಮಾತ್ರ ನಾಲ್ಕು ಪಟ್ಟು. ನಿಮ್ಮ ಸೊಸೈಟಿಯ ಜನರೇಟರ್ ನೋಡಿ, ಅದು ಜಾಗ ಬಿಟ್ಟು ಕದಲುವುದಿಲ್ಲ, ಆದರೂ ಗಂಟೆ ಲೆಕ್ಕದಲ್ಲಿ ಅದರ ಆಯಿಲ್ ಬದಲಾಯಿಸುತ್ತಾರೆ. ಮುಂಬಯಿಯ ಕಾರಿಗೂ ಅದೇ ಲೆಕ್ಕ ಹೊಂದುತ್ತದೆ.

ಗಂಟೆ ತಿಳಿಯುವುದು ಕಷ್ಟವಲ್ಲ. ಈಗಿನ ಎಷ್ಟೋ ಕಾರುಗಳಲ್ಲಿ ಮೀಟರ್ ಪರದೆಯ ಮೇಲೆ ಸರಾಸರಿ ವೇಗ ಬರುತ್ತದೆ. ಆಯಿಲ್ ಬದಲಾಯಿಸಿದ ದಿನ ಟ್ರಿಪ್ ಬಿ (ಕಿಲೋಮೀಟರ್ ಎಣಿಸುವ ಎರಡನೇ ಟ್ರಿಪ್ ಮೀಟರ್) ಮತ್ತು ಸರಾಸರಿ ವೇಗ ಎರಡನ್ನೂ ಸೊನ್ನೆ ಮಾಡಿ, ಆಮೇಲೆ ಮುಟ್ಟಬೇಡಿ. ಓಡಿದ ಕಿಲೋಮೀಟರನ್ನು ಸರಾಸರಿ ವೇಗದಿಂದ ಭಾಗಿಸಿದರೆ ಗಂಟೆ ಸಿಕ್ಕಿತು. ಇದಕ್ಕೆ ನಾನು ಇಟ್ಟುಕೊಂಡ ಮಿತಿ: ಸಾದಾ ಮಿನರಲ್ ಆಯಿಲ್‌ಗೆ 200ರಿಂದ 250 ಗಂಟೆ, ಫುಲ್ ಸಿಂಥೆಟಿಕ್‌ಗೆ 350ರ ಒಳಗೆ. ಇದು ಯಾವ ಕಂಪನಿಯ ನಿಯಮವೂ ಅಲ್ಲ, ನನ್ನ ಅಂದಾಜು. ಆದರೆ ಗಂಟೆಗೆ 18ರ ಸರಾಸರಿಯಲ್ಲಿ ಇದು ಸಾದಾಕ್ಕೆ ಮೂರೂವರೆಯಿಂದ ನಾಲ್ಕೂವರೆ ಸಾವಿರ ಕಿಲೋಮೀಟರ್, ಸಿಂಥೆಟಿಕ್‌ಗೆ ಆರು ಸಾವಿರದ ಮೇಲೆ ಸ್ವಲ್ಪ ಬರುತ್ತದೆ. ಮ್ಯಾನುವಲ್‌ನ ಕಠಿಣ ಬಳಕೆಯ ಪಟ್ಟಿಯೂ ಹತ್ತಿರ ಹತ್ತಿರ ಅಲ್ಲಿಗೇ ಬಂದು ನಿಲ್ಲುತ್ತದೆ.

ಹಾಗಾಗಿ ಮೂರು ಗಡುವು ನೆನಪಿಡಿ: ಮ್ಯಾನುವಲ್‌ನ ಕಿಲೋಮೀಟರ್, ಹನ್ನೆರಡು ತಿಂಗಳು, ಮತ್ತೆ ಈ ಗಂಟೆ. ಯಾವುದು ಮೊದಲು ಬರುತ್ತದೋ ಅವತ್ತು ಬದಲಾಯಿಸಿ. ಬರೀ ಹೈವೇಯಲ್ಲಿ ಓಡಿಸಿದೆ, ಗಂಟೆ ಇನ್ನೂ ಆಗಿಲ್ಲ ಅಂತ ಮ್ಯಾನುವಲ್‌ನ ಕಿಲೋಮೀಟರ್ ಮೀರಲು ಹೋಗಬೇಡಿ.

ಕೆಲವರ ತೊಂದರೆ ಇದಕ್ಕೆ ತದ್ವಿರುದ್ಧ. ಊರಿನ ಮನೆಯಲ್ಲಿ ಒಂದು ಕಾರು ಇಟ್ಟಿರುತ್ತಾರೆ, ಮೇ ತಿಂಗಳಲ್ಲೊಮ್ಮೆ ಚತುರ್ಥಿಗೊಮ್ಮೆ ಹೊರಗೆ ತೆಗೆಯುತ್ತಾರೆ, ವರ್ಷಕ್ಕೆ ಸಾವಿರ ಕಿಲೋಮೀಟರೂ ಆಗಿರುವುದಿಲ್ಲ. ಅಥವಾ ಇಲ್ಲೇ ದಿನಾ ಮನೆಯಿಂದ ಸ್ಟೇಷನ್‌ವರೆಗೆ ಎರಡು ಕಿಲೋಮೀಟರ್ ಮಾತ್ರ ಓಡಿಸುತ್ತಾರೆ. ಓಡಿಯೇ ಇಲ್ಲ, ಆಯಿಲ್ ಹೊಸದಾಗೇ ಇರುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲ್‌ಗೆ ಸೇರುತ್ತದೆ. ಜೊತೆಗೆ ಉರಿಯದೆ ಉಳಿದ ಪೆಟ್ರೋಲೂ ಸೇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಇಪ್ಪತ್ತು, ಮೂವತ್ತು ನಿಮಿಷ ಓಡಿದರೆ ಇವೆರಡೂ ಆವಿಯಾಗಿ ಹೋಗುತ್ತವೆ. ಎರಡು ಕಿಲೋಮೀಟರ್‌ಗೆ ಆಫ್ ಮಾಡಿದರೆ ಒಳಗೇ ಉಳಿದು, ಆಮ್ಲ ಕಟ್ಟಿ, ಆಯಿಲನ್ನು ಕೆಡಿಸುತ್ತವೆ. ಅದಕ್ಕೇ ಓಡಲಿ ಬಿಡಲಿ ವರ್ಷಕ್ಕೊಮ್ಮೆ ಬದಲಾವಣೆ ಬೇಕೇ ಬೇಕು. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಅರ್ಧ ಗಂಟೆ ಸರಿಯಾಗಿ ಓಡಿಸಿ.

ಸಿಂಥೆಟಿಕ್ ಅಂದರೆ ಒಳಗೆ ಏನಿದೆ

ಡಬ್ಬಿಯಲ್ಲಿರುವ ಆಯಿಲ್‌ನ ನೂರಕ್ಕೆ 75ರಿಂದ 90 ಭಾಗ ಬೇಸ್ ಆಯಿಲ್. ಉಳಿದದ್ದು ಅಡಿಟಿವ್‌ಗಳು: ಕೊಳೆ ಕರಗಿಸುವಂಥದ್ದು, ಆಮ್ಲ ತಡೆಯುವಂಥದ್ದು, ಲೋಹಕ್ಕೆ ಲೋಹ ಉಜ್ಜದಂತೆ ಕಾಯುವಂಥದ್ದು. ಆಯಿಲ್ ಹಳೆಯದಾಯಿತು ಅಂದರೆ ಮುಖ್ಯವಾಗಿ ಈ ಅಡಿಟಿವ್‌ಗಳು ಖರ್ಚಾದವು, ಬೇಸ್ ಆಯಿಲ್ ಬಿಸಿಗೆ ಗಾಳಿ ಕುಡಿದು ದಪ್ಪವಾಯಿತು ಅಂತ ಅರ್ಥ.

ಬೇಸ್ ಆಯಿಲನ್ನು ಐದು ಗುಂಪು ಮಾಡಿದ್ದಾರೆ. ಮೊದಲ ಎರಡು ಕಚ್ಚಾ ತೈಲದಿಂದ ತೆಗೆದು ಶುದ್ಧ ಮಾಡಿದ್ದು, ನಾವು ಸಾದಾ ಅಥವಾ ಮಿನರಲ್ ಅನ್ನುವುದು ಇದನ್ನೇ. ನಮ್ಮ ಚೆಂಬೂರಿನ ಪಕ್ಕದ ಮಾಹುಲ್‌ನಲ್ಲಿ ಎಚ್‌ಪಿಸಿಎಲ್‌ನ ಲ್ಯೂಬ್ ರಿಫೈನರಿ ಇದೆಯಲ್ಲ, ದೇಶದಲ್ಲೇ ಅತಿ ದೊಡ್ಡದು, ಅಲ್ಲಿ ತಯಾರಾಗುವುದು ಈ ಬೇಸ್ ಆಯಿಲೇ. ಮೂರನೇ ಗುಂಪೂ ಕಚ್ಚಾ ತೈಲದಿಂದಲೇ ಬರುತ್ತದೆ, ಆದರೆ ಹೈಡ್ರೋಜನ್ ಸೇರಿಸಿ ಭಾರಿ ಒತ್ತಡದಲ್ಲಿ ಅಣುಗಳನ್ನೇ ಒಡೆದು ಬದಲಾಯಿಸಿರುತ್ತಾರೆ. ನಾಲ್ಕನೆಯದು ಪಿಎಒ, ಕಾರ್ಖಾನೆಯಲ್ಲಿ ಕಟ್ಟಿದ ಅಣು. ಎಸ್ಟರ್ ಮುಂತಾದ ಉಳಿದವೆಲ್ಲ ಐದನೆಯದು.

ಇಲ್ಲಿ ಒಂದು ಕಥೆ ತಿಳಿದಿರಲಿ. ಮೊದಲು ಸಿಂಥೆಟಿಕ್ ಅಂದರೆ ನಾಲ್ಕು, ಐದನೇ ಗುಂಪು ಮಾತ್ರ ಅಂತಿತ್ತು. ಅಮೆರಿಕದಲ್ಲಿ ಕ್ಯಾಸ್ಟ್ರಾಲ್ ಕಂಪನಿ ತನ್ನ ಸಿಂಥೆಟಿಕ್ ಆಯಿಲ್‌ನಲ್ಲಿ ಪಿಎಒ ಬದಲು ಮೂರನೇ ಗುಂಪಿನ ಬೇಸ್ ಆಯಿಲ್ ಬಳಸಿತು. ಮೊಬಿಲ್ ಕಂಪನಿ ಜಾಹೀರಾತು ಮಂಡಳಿಗೆ ದೂರು ಕೊಟ್ಟಿತು. 1999ರಲ್ಲಿ ತೀರ್ಪು ಕ್ಯಾಸ್ಟ್ರಾಲ್ ಪರ ಬಂತು, ಮೂರನೇ ಗುಂಪನ್ನೂ ಸಿಂಥೆಟಿಕ್ ಅನ್ನಬಹುದು ಅಂತಾಯಿತು. ಈಗ ಅಂಗಡಿಯಲ್ಲಿ ಫುಲ್ ಸಿಂಥೆಟಿಕ್ ಅಂತ ಸಿಗುವುದರಲ್ಲಿ ಹೆಚ್ಚಿನದು ಮೂರನೇ ಗುಂಪಿನದ್ದೇ. ಅದರಿಂದ ಅದು ಕಳಪೆ ಅಂತಲ್ಲ, ಒಳ್ಳೆಯ ಆಯಿಲೇ. ಸೆಮಿ ಸಿಂಥೆಟಿಕ್ ವಿಷಯ ಮಾತ್ರ ಹುಷಾರು. ಅದರಲ್ಲಿ ಸಿಂಥೆಟಿಕ್ ಎಷ್ಟು ಪಾಲು ಇರಬೇಕು ಅಂತ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಆದ್ದರಿಂದ ಹೆಸರಿನ ಮೇಲೆ ದುಡ್ಡು ಕೊಡುವುದಕ್ಕಿಂತ ಡಬ್ಬಿಯ ಹಿಂದಿನ ಗುರುತುಗಳ ಮೇಲೆ ಕೊಡಿ.

ಸಿಂಥೆಟಿಕ್‌ನ ನಿಜವಾದ ಲಾಭ ಏನು? ಬಿಸಿಗೆ ಬೇಗ ಕೆಡುವುದಿಲ್ಲ. ಆವಿಯಾಗುವುದು ಕಡಿಮೆ, ಹಾಗಾಗಿ ಮಟ್ಟ ಇಳಿಯುವುದೂ ಕಡಿಮೆ. ಚಳಿಯಲ್ಲಿ ಬೇಗ ಹರಿಯುತ್ತದೆ, ಆದರೆ ಮುಂಬಯಿ, ಗೋವಾದ ಹವೆಗೆ ಈ ಕೊನೆಯದು ದೊಡ್ಡ ಲಾಭವಲ್ಲ. ಬಿಸಿ ತಡೆಯುವ ಗುಣವೇ ನಮಗೆ ಬೇಕಾದದ್ದು.

ಹಾಗಾದರೆ ಯಾರಿಗೆ ಸಿಂಥೆಟಿಕ್? ಟರ್ಬೊ ಇರುವ ಗಾಡಿಗೆ, ಪೆಟ್ರೋಲ್ ಆಗಲಿ ಡೀಸೆಲ್ ಆಗಲಿ, ಬೇರೆ ಯೋಚನೆಯೇ ಬೇಡ. ಟರ್ಬೊದ ಬೇರಿಂಗ್ ಕೆಂಡದಂಥ ಬಿಸಿಯ ಪಕ್ಕದಲ್ಲೇ ತಿರುಗುತ್ತದೆ, ಸಾದಾ ಆಯಿಲ್ ಅಲ್ಲಿ ಸುಟ್ಟು ಕರಿ ಕಟ್ಟುತ್ತದೆ. ಮ್ಯಾನುವಲ್‌ನಲ್ಲಿ 0ಡಬ್ಲ್ಯು-20 ಅಂತ ಬರೆದಿದ್ದರೂ ಪ್ರಶ್ನೆ ಮುಗಿಯಿತು, ಅಷ್ಟು ತೆಳು ಗ್ರೇಡನ್ನು ಸಾದಾ ಬೇಸ್ ಆಯಿಲ್‌ನಲ್ಲಿ ಮಾಡಲಿಕ್ಕೇ ಆಗುವುದಿಲ್ಲ. ದಿನಾ ಎರಡು ಗಂಟೆ ಟ್ರಾಫಿಕ್‌ನಲ್ಲಿ ಎಸಿ ಹಾಕಿ ಕೂರುವ ಕಾರಿಗೂ ಹಾಕಿಸಿ, ದುಡ್ಡು ವ್ಯರ್ಥವಾಗುವುದಿಲ್ಲ. ಹತ್ತು, ಹನ್ನೆರಡು ವರ್ಷದ ಸಾದಾ ಪೆಟ್ರೋಲ್ ಕಾರು, 100 ಸಿಸಿ ಬೈಕು, ಆಯಿಲ್ ಕುಡಿಯುವ ಹಳೆ ಎಂಜಿನ್, ಇವಕ್ಕೆ ಮ್ಯಾನುವಲ್ ಹೇಳಿದ ಗ್ರೇಡಿನ ಮಿನರಲ್ ಸಾಕು, ಬೇಗ ಬೇಗ ಬದಲಾಯಿಸಿದರೆ ಆಯಿತು. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಸುಡುವ ಎಂಜಿನ್ನಿಗೆ ಸಿಂಥೆಟಿಕ್ ಹುಯ್ಯುವುದು ಸುಮ್ನೆ ಖರ್ಚು.

ಡೆಲಿವರಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಇದನ್ನು ಬೇರೆಯಾಗಿಯೇ ಹೇಳಬೇಕು. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವವರಿಗೆ ಒಂದು ತಿಂಗಳಲ್ಲೇ ಮೂರು ಸಾವಿರ ಆಗಿಬಿಡುತ್ತದೆ. ಬೈಕೇ ಅನ್ನ ಕೊಡುವ ಸಾಧನ, ಆಯಿಲ್ ಮುಂದೂಡಿ ಎಂಜಿನ್ ಬಿಚ್ಚಿಸುವ ಹಂತಕ್ಕೆ ತರಬೇಡಿ. ಎಂಜಿನ್ ಕೆಲಸಕ್ಕೆ ಹೋಗುವ ದುಡ್ಡಿನಲ್ಲಿ ವರ್ಷಗಟ್ಟಲೆ ಆಯಿಲ್ ಹಾಕಿಸಬಹುದು. ಒಳ್ಳೆಯ ಮಿನರಲ್, ತಿಂಗಳಿಗೊಮ್ಮೆ, ತಪ್ಪದೆ. ತಿಂಗಳಿಗೊಮ್ಮೆ ಗ್ಯಾರೇಜಿಗೆ ಹೋಗಲು ಪುರುಸೊತ್ತಿಲ್ಲದವರು ಮಾತ್ರ ಸಿಂಥೆಟಿಕ್ ಹಾಕಿಸಿ, ಅಂತರ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಬಹುದು.

ಡಬ್ಬಿ ಓದುವುದು ಹೇಗೆ

ದೊಡ್ಡ ಅಕ್ಷರದಲ್ಲಿ 5ಡಬ್ಲ್ಯು-30 ಅಂತ ಇರುತ್ತದೆ. ಡಬ್ಲ್ಯು ಚಳಿಗಾಲದ ಗುರುತು, ಅದರ ಹಿಂದಿನ ಅಂಕಿ ಕಡಿಮೆ ಇದ್ದಷ್ಟೂ ತಣ್ಣಗಿರುವಾಗ ಬೇಗ ಹರಿಯುತ್ತದೆ. ಕೊನೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಅನ್ನುವುದರ ಲೆಕ್ಕ.

ನಮ್ಮಲ್ಲಿ ಸೆಕೆ ಜಾಸ್ತಿ, ದಪ್ಪ ಆಯಿಲ್ ಹಾಕಿಸಿ ಅನ್ನುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಅವರು ಕಲಿತ ಕಾಲದ ಎಂಜಿನ್‌ಗಳಿಗೆ ಅದು ಸರಿಯೂ ಇತ್ತು. ಆದರೆ ಹೊರಗೆ 22 ಡಿಗ್ರಿ ಇರಲಿ 38 ಇರಲಿ, ಬಿಸಿಯಾದ ಎಂಜಿನ್ನಿನ ಕೂಲೆಂಟನ್ನು ಥರ್ಮೋಸ್ಟಾಟ್ 90 ಡಿಗ್ರಿಯ ಆಸುಪಾಸಿನಲ್ಲೇ ಇಡುತ್ತದೆ. 0ಡಬ್ಲ್ಯು-20ಕ್ಕೆ ಅಂತ ಮಾಡಿದ ಎಂಜಿನ್ನಿನ ಸಂದುಗಳು ಚಿಕ್ಕವು, ಅಲ್ಲಿ 20ಡಬ್ಲ್ಯು-50 ಹಾಕಿದರೆ ಆಯಿಲ್ ಬೇಗ ಎಲ್ಲ ಕಡೆ ತಲುಪುವುದಿಲ್ಲ, ಮೈಲೇಜೂ ಇಳಿಯುತ್ತದೆ. ಮ್ಯಾನುವಲ್ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ ಅವುಗಳಲ್ಲಿ ದಪ್ಪದ್ದನ್ನು ಆರಿಸಿಕೊಳ್ಳಿ, ಅದು ಸರಿ. ಪಟ್ಟಿಯ ಹೊರಗೆ ಹೋಗಬೇಡಿ.

ಇನ್ನೊಂದು ಗುರುತು ಎಪಿಐ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಕೊಡುವ ದರ್ಜೆ. ಎಸ್‌ನಿಂದ ಶುರುವಾದರೆ ಪೆಟ್ರೋಲ್, ಸಿ ಇಂದ ಶುರುವಾದರೆ ಡೀಸೆಲ್. ಪೆಟ್ರೋಲ್‌ನಲ್ಲಿ ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಹೊಸದು ಹಳೆಯದರ ಜಾಗಕ್ಕೆ ನಡೆಯುತ್ತದೆ. ಮ್ಯಾನುವಲ್ ಎಸ್‌ಎನ್ ಅಂದರೆ ಎಸ್‌ಪಿ ಹಾಕಬಹುದು, ತಿರುಗಿಸಿ ಮಾತ್ರ ಆಗುವುದಿಲ್ಲ. ಟರ್ಬೊ ಪೆಟ್ರೋಲ್ ಇದ್ದವರು ಎಸ್‌ಪಿಯನ್ನೇ ಕೇಳಿ ತೆಗೆದುಕೊಳ್ಳಿ. ಆ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಉರಿದು ಪಿಸ್ಟನ್ ಒಡೆಯುವ ತೊಂದರೆ ಇದೆ, ಅದನ್ನು ತಡೆಯುವುದು ಎಸ್‌ಪಿಯ ಪರೀಕ್ಷೆಗಳಲ್ಲೇ ಸೇರಿದೆ.

ಬಿಎಸ್6 ಡೀಸೆಲ್‌ಗೆ ಡಿಪಿಎಫ್ ಅನ್ನುವ ಹೊಗೆ ಫಿಲ್ಟರ್ ಇರುತ್ತದೆ. ಅದಕ್ಕೆ ಬೂದಿ ಕಡಿಮೆ ಬಿಡುವ ಆಯಿಲೇ ಆಗಬೇಕು. ಎಸಿಇಎ (ಯುರೋಪಿನ ಗಾಡಿ ತಯಾರಕರ ಸಂಘ) ಸಿ2 ಅಥವಾ ಸಿ3 ಅಂತ ಡಬ್ಬಿಯ ಮೇಲೆ ಇರುತ್ತದೆ, ನಿಮ್ಮ ಮ್ಯಾನುವಲ್ ಯಾವುದನ್ನು ಕೇಳಿದೆಯೋ ಅದು. ಲಾರಿಗೆ ಹಾಕುವ ಹಳೆ ಡೀಸೆಲ್ ಆಯಿಲ್ ಇದಕ್ಕೆ ಹಾಕಿಸಿದರೆ ಡಿಪಿಎಫ್ ಬೂದಿಯಿಂದ ಕಟ್ಟಿಕೊಳ್ಳುತ್ತದೆ, ಆ ಫಿಲ್ಟರ್‌ನ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಬೈಕ್ ಮತ್ತು ಸ್ಕೂಟರ್‌ನವರು ಜಾಸೊ ಅನ್ನುವ ಜಪಾನಿನ ಗುರುತು ನೋಡಿ. ಗೇರ್ ಇರುವ ಬೈಕಿನಲ್ಲಿ ಎಂಜಿನ್, ಗೇರ್, ಕ್ಲಚ್ ಪ್ಲೇಟ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಅದಕ್ಕೆ ಎಂಎ ಅಥವಾ ಎಂಎ2 ಬೇಕು. ಸ್ಕೂಟರ್‌ನ ಕ್ಲಚ್ ಒಣಗಿಯೇ ಇರುತ್ತದೆ, ಅದಕ್ಕೆ ಎಂಬಿ. ಕಾರಿನ ಆಯಿಲ್ ಉಳಿದಿದೆ ಅಂತ ಬೈಕಿಗೆ ಹಾಕಿದರೆ ಅದರಲ್ಲಿರುವ ಜಾರಿಸುವ ಅಡಿಟಿವ್‌ಗಳಿಂದ ಕ್ಲಚ್ ಜಾರಲು ಶುರುವಾಗುತ್ತದೆ, ಆಕ್ಸಲರೇಟರ್ ತಿರುಗಿಸಿದರೆ ಶಬ್ದ ಏರುತ್ತದೆ, ಬೈಕು ಮುಂದೆ ಹೋಗುವುದಿಲ್ಲ. ಗೇರಿನ ಹಲ್ಲುಗಳು ಆಯಿಲನ್ನು ಅರೆಯುವುದರಿಂದ ಬೈಕಿನದ್ದು ಕಾರಿನದ್ದಕ್ಕಿಂತ ಬೇಗ ತೆಳುವಾಗುತ್ತದೆ. ಗೇರ್ ಗಟ್ಟಿಯಾಯಿತು, ನ್ಯೂಟ್ರಲ್ ಸಿಗುತ್ತಿಲ್ಲ ಅನ್ನಿಸಿದರೆ ಮೊದಲು ಆಯಿಲ್ ಎಷ್ಟು ಹಳೆಯದು ನೋಡಿ. ನಗರದಲ್ಲಿ ಮಿನರಲ್ ಆದರೆ ಎರಡೂವರೆ, ಮೂರು ಸಾವಿರ ಕಿಲೋಮೀಟರ್, ಸಿಂಥೆಟಿಕ್ ಆದರೆ ಐದು ಸಾವಿರ ಅಂತ ಇಟ್ಟುಕೊಳ್ಳಿ, ಮ್ಯಾನುವಲ್ ಇನ್ನೂ ಕಡಿಮೆ ಹೇಳಿದ್ದರೆ ಅದೇ ಸರಿ. ಸ್ಕೂಟರ್‌ನ ಹಿಂದಿನ ಚಕ್ರದ ಹತ್ತಿರ ಗೇರ್ ಆಯಿಲ್ ಬೇರೆಯೇ ಇರುತ್ತದೆ, ಸ್ವಲ್ಪವೇ. ಅದನ್ನು ಬಹಳ ಕಡೆ ಮರೆತೇಬಿಡುತ್ತಾರೆ. ನೀವೇ ನೆನಪಿಸಿ.

ಸಿಎನ್‌ಜಿ ಗಾಡಿಯವರಿಗೆ ಒಂದು ಮಾತು, ಮುಂಬಯಿ, ಪುಣೆಯಲ್ಲಿ ಈಗ ಅರ್ಧ ಜನ ಅದೇ ಓಡಿಸುತ್ತಿದ್ದಾರೆ ಅನ್ನಿಸುತ್ತದೆ. ಸಿಎನ್‌ಜಿಯಲ್ಲಿ ಆಯಿಲ್ ಬೇಗ ಕಪ್ಪಾಗುವುದಿಲ್ಲ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದರೆ ಜೇನಿನ ಬಣ್ಣ, ಇನ್ನೂ ಓಡುತ್ತದೆ ಅನ್ನಿಸುತ್ತದೆ. ಆದರೆ ಗ್ಯಾಸ್ ಉರಿಯುವ ಬಿಸಿಗೆ ಆಯಿಲ್ ಒಳಗೊಳಗೇ ಕೆಟ್ಟು ದಪ್ಪವಾಗುತ್ತಿರುತ್ತದೆ. ಡೀಸೆಲ್‌ನಲ್ಲಿ ಇದರ ಉಲ್ಟಾ, ಹೊಸ ಆಯಿಲ್ ಹಾಕಿ ನಾಲ್ಕು ದಿನಕ್ಕೇ ಮಸಿಯಂತಾಗುತ್ತದೆ, ಅದು ಕೊಳೆ ಹಿಡಿದುಕೊಳ್ಳುವ ತನ್ನ ಕೆಲಸ ಮಾಡುತ್ತಿದೆ ಅಷ್ಟೆ. ಬಣ್ಣ ನೋಡಿ ತೀರ್ಮಾನ ಮಾಡುವ ಅಭ್ಯಾಸ ಬಿಟ್ಟುಬಿಡಿ.

ಡಿಪ್‌ಸ್ಟಿಕ್, ಮತ್ತೆ ಮಳೆಗಾಲ

ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಐದು ನಿಮಿಷ ಇದಕ್ಕೆ ಕೊಡಿ. ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು, ಸೊಸೈಟಿಯ ಇಳಿಜಾರು ರ‍್ಯಾಂಪ್ ಆಗುವುದಿಲ್ಲ. ಓಡಿಸಿ ಬಂದಿದ್ದರೆ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಮೇಲಿನ ಆಯಿಲ್ ಕೆಳಗಿಳಿಯಲಿ. ಡಿಪ್‌ಸ್ಟಿಕ್ ಎಳೆದು, ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಎರಡು ಗುರುತಿನ ಮಧ್ಯೆ, ಮೇಲಿನದಕ್ಕೆ ಹತ್ತಿರ ಇದ್ದರೆ ಚೆನ್ನ. ತುಂಬಾ ಕಾರುಗಳಲ್ಲಿ ಈ ಎರಡು ಗುರುತಿನ ಮಧ್ಯೆ ಸುಮಾರು ಒಂದು ಲೀಟರ್ ಹಿಡಿಯುತ್ತದೆ. ಕಡಿಮೆಯಾಗಿದ್ದರೆ ಅದೇ ಗ್ರೇಡಿನದ್ದನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಒಂದೇ ಸಲ ಸುರಿಯಬೇಡಿ. ಆಯಿಲ್ ಲೈಟ್ ಹತ್ತುವವರೆಗೆ ಕಾಯುವುದಂತೂ ಬೇಡವೇ ಬೇಡ. ಆ ಲೈಟು ಆಯಿಲ್‌ನ ಒತ್ತಡ ಬಿದ್ದುಹೋದದ್ದನ್ನು ಹೇಳುತ್ತದೆ, ಹತ್ತಿತೆಂದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು, ಮುಂದಿನ ಪಂಪ್‌ವರೆಗೆ ಹೋಗೋಣ ಅನ್ನಬಾರದು.

ಮಟ್ಟ ಮೇಲಿನ ಗುರುತು ದಾಟಿ ಏರಿದ್ದರೆ ಅದೂ ತೊಂದರೆಯೇ. ಬಿಎಸ್6 ಡೀಸೆಲ್ ಕಾರನ್ನು ಬರೀ ನಗರದಲ್ಲಿ ಓಡಿಸುವವರಿಗೆ ಇದು ಆಗುತ್ತದೆ. ಡಿಪಿಎಫ್‌ನಲ್ಲಿ ಕಟ್ಟಿದ ಮಸಿ ಸುಡಲು ಎಂಜಿನ್ ಜಾಸ್ತಿ ಡೀಸೆಲ್ ಕಳಿಸುತ್ತದೆ, ಅರ್ಧದಲ್ಲಿ ನೀವು ಗಾಡಿ ಆಫ್ ಮಾಡುತ್ತೀರಿ, ಆ ಡೀಸೆಲ್ ಸ್ವಲ್ಪ ಸ್ವಲ್ಪ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ತೆಳುವಾಗಿ ಬೇರಿಂಗ್ ಸವೆಯುತ್ತದೆ. ಮಟ್ಟ ಏರಿದ್ದು ಕಂಡರೆ ಗಡುವಿಗೆ ಕಾಯದೆ ಬದಲಾಯಿಸಿ. ಅಂಥವರು ಆಗಾಗ ಎಕ್ಸ್‌ಪ್ರೆಸ್ ವೇಯಲ್ಲಿ ಲೋಣಾವಳದವರೆಗೆ ಒಮ್ಮೆ ಹೋಗಿ ಬನ್ನಿ, ಅಷ್ಟು ಓಟ ಆ ಫಿಲ್ಟರ್‌ಗೆ ಬೇಕು.

ಮಳೆಗಾಲದಲ್ಲಿ ಹಿಂದ್‌ಮಾತಾ, ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇ ಕಡೆ ನೀರಿನಲ್ಲಿ ಗಾಡಿ ನಿಂತುಹೋದರೆ ದಯವಿಟ್ಟು ಮತ್ತೆ ಸ್ಟಾರ್ಟ್ ಮಾಡಬೇಡಿ. ಏರ್ ಫಿಲ್ಟರ್ ಮೂಲಕ ನೀರು ಸಿಲಿಂಡರ್‌ಗೆ ಹೋಗಿದ್ದರೆ, ನೀರು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಹೊರಗೆ ತನ್ನಿ, ಟೋ ಮಾಡಿಸಿ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ನೀರು ತುಂಬಿ ಗಾಡಿ ಮುಳುಗಿದ್ದರೂ ಇದೇ ಮಾತು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ಒಳಗೆ ನೀರು ಸೇರಿದೆ. ಒಂದು ಸಲ ಬದಲಾಯಿಸಿದರೆ ಸಾಲದು. ಹೊಸದು ಹಾಕಿ, ಸ್ವಲ್ಪ ಹೊತ್ತು ಓಡಿಸಿ, ಮತ್ತೆ ತೆಗೆದು ಹೊಸ ಫಿಲ್ಟರ್ ಜೊತೆ ಇನ್ನೊಮ್ಮೆ ಹಾಕಬೇಕು. ಆ ಮೊದಲನೇ ಸಲಕ್ಕೆ ಅಗ್ಗದ ಮಿನರಲ್ ನಡೆಯುತ್ತದೆ. ನೀರಿಗೆ ಇಳಿಯದ ಗಾಡಿಯಲ್ಲೂ ಆಯಿಲ್ ಮುಚ್ಚಳದ ಒಳಗೆ ಮಾತ್ರ ತೆಳು ಬಿಳಿ ಪದರ ಕಂಡರೆ ಗಾಬರಿ ಬೇಡ, ಚಿಕ್ಕ ಓಡಾಟದಿಂದ ಕಟ್ಟಿದ ತೇವ ಅದು. ಡಿಪ್‌ಸ್ಟಿಕ್‌ನಲ್ಲೂ ಹಾಗೇ ಇದ್ದು, ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ತೋರಿಸಿ.

ಗ್ಯಾರೇಜಿನಲ್ಲಿ

ಆಯಿಲ್ ಬದಲಾಯಿಸುವಾಗ ಪಕ್ಕದಲ್ಲೇ ನಿಲ್ಲಿ. ಎಂಜಿನ್ ಬೆಚ್ಚಗಿರುವಾಗ ಕೆಳಗಿನ ಆಯಿಲ್ ಚೇಂಬರ್‌ನ ಬೋಲ್ಟ್ ಬಿಚ್ಚಿಸಿ, ಹನಿ ಹನಿಯಾಗುವವರೆಗೆ ಇಳಿಯಲು ಬಿಡಿ. ಬೋಲ್ಟಿನ ವಾಷರ್ ಹೊಸದು ಹಾಕಿಸಿ, ಅದು ಕೆಲವೇ ರೂಪಾಯಿ. ಫಿಲ್ಟರ್ ಪ್ರತಿ ಸಲವೂ ಹೊಸದೇ ಆಗಬೇಕು. ಅದರ ರಬ್ಬರ್ ರಿಂಗ್‌ಗೆ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿ ಮಾಡಿದರೆ ಸಾಕು. ಸಣ್ಣ ಪೆಟ್ರೋಲ್ ಕಾರುಗಳು ಮೂರರಿಂದ ಮೂರೂವರೆ ಲೀಟರ್ ಹಿಡಿಯುತ್ತವೆ, ಸರಿಯಾದ ಅಳತೆ ಮ್ಯಾನುವಲ್‌ನಲ್ಲಿದೆ. ಸ್ವಲ್ಪ ಕಡಿಮೆ ಹಾಕಿ, ಎರಡು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಡಿಪ್‌ಸ್ಟಿಕ್ ನೋಡಿ ಉಳಿದದ್ದು ಹಾಕಿಸಿ. ಡಬ್ಬಿಯಲ್ಲಿ ಉಳಿದ ಅರ್ಧ ಲೀಟರ್ ನಿಮ್ಮದು, ಡಿಕ್ಕಿಯಲ್ಲಿಟ್ಟುಕೊಳ್ಳಿ. ಇದನ್ನೆಲ್ಲ ನೀವೇ ಮಾಡುವವರಾದರೆ ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಇಟ್ಟೇ ಇಳಿಯಿರಿ.

ಎಂಜಿನ್ ಫ್ಲಶ್ ಮಾಡಿಸಿ, ಈ ಬಾಟಲಿಯ ಅಡಿಟಿವ್ ಹಾಕಿಸಿ ಅಂದರೆ ಬೇಡ ಅನ್ನಿ. ಸಮಯಕ್ಕೆ ಬದಲಾಯಿಸುವ ಎಂಜಿನ್ನಿಗೆ ಎರಡೂ ಬೇಕಾಗಿಲ್ಲ. ಒಮ್ಮೆ ಸಿಂಥೆಟಿಕ್ ಹಾಕಿದರೆ ಮತ್ತೆ ಸಾದಾಕ್ಕೆ ಬರುವಂತಿಲ್ಲ ಅನ್ನುವುದೂ ನಿಜವಲ್ಲ, ನಿಮ್ಮ ಮ್ಯಾನುವಲ್ ಒಪ್ಪುವ ಗ್ರೇಡ್ ಆಗಿದ್ದರೆ ಬರಬಹುದು. ದಾರಿಯಲ್ಲಿ ಆಯಿಲ್ ಕಡಿಮೆಯಾಗಿ, ಸಿಕ್ಕಿದ್ದು ಬೇರೆ ಕಂಪನಿಯದ್ದಾದರೂ ಹಾಕಬಹುದು, ಎರಡೂ ಬೆರೆಯುತ್ತವೆ. ಖಾಲಿ ಓಡಿಸುವುದಕ್ಕಿಂತ ಅದು ಎಷ್ಟೋ ವಾಸಿ.

ನಕಲಿ ಆಯಿಲ್ ಹಾವಳಿ ನಿಜವಾದದ್ದು. ಕುರ್ಲಾ, ಕಲಿನಾದ ಸಿಎಸ್‌ಟಿ ರೋಡ್ ಆಗಲಿ ಪುಣೆಯ ನಾನಾ ಪೇಠ್ ಆಗಲಿ, ಸಾಚಾ ಅಂಗಡಿಗಳು ಬೇಕಾದಷ್ಟಿವೆ, ಆದರೆ ಎಂಆರ್‌ಪಿಯ ಅರ್ಧಕ್ಕೆ ಕೊಡುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಸೀಲ್ ನಿಮ್ಮ ಎದುರೇ ಒಡೆಯಲಿ. ಬ್ಯಾಚ್ ನಂಬರ್, ತಯಾರಿಸಿದ ತಿಂಗಳು ಸ್ಪಷ್ಟವಾಗಿರಬೇಕು, ಜಿಎಸ್‌ಟಿ ಬಿಲ್ ಬೇಕು, ವಾರಂಟಿ ಇರುವ ಗಾಡಿಗಂತೂ ಬಿಲ್ ಇಲ್ಲದಿದ್ದರೆ ಮುಂದೆ ಕಷ್ಟ. ಖಾಲಿ ಡಬ್ಬಿಗೆ ಸ್ಕ್ರೂಡ್ರೈವರ್‌ನಿಂದ ನಾಲ್ಕು ತೂತು ಹೊಡೆದೇ ಬನ್ನಿ. ಒಳ್ಳೆಯ ಖಾಲಿ ಡಬ್ಬಿ ಸಿಗದಿದ್ದರೆ ನಕಲಿ ತುಂಬುವವರಿಗೂ ಕಷ್ಟವಾಗುತ್ತದೆ.

ಊರಿಗೆ ಹೊರಡುವವರು ಹಿಂದಿನ ದಿನ ಆಯಿಲ್ ಬದಲಾಯಿಸಬೇಡಿ, ಒಂದು ವಾರ ಮೊದಲೇ ಮಾಡಿಸಿ. ಬೋಲ್ಟೋ ಫಿಲ್ಟರೋ ಸೋರುತ್ತಿದ್ದರೆ ಆ ವಾರದಲ್ಲಿ ಪಾರ್ಕಿಂಗ್ ನೆಲದ ಮೇಲೆ ಕಲೆ ಕಾಣುತ್ತದೆ, ಖಂಬಾಟ್ಕಿ ಘಾಟಿಯಲ್ಲಿ ತಿಳಿಯುವುದಕ್ಕಿಂತ ಇಲ್ಲೇ ತಿಳಿಯುವುದು ಮೇಲು. ಐದು ಜನ, ಸಾಮಾನು, ಎಸಿ ಎಲ್ಲ ಸೇರಿ ಘಾಟಿ ಹತ್ತುವಾಗಲೇ ಆಯಿಲ್‌ಗೆ ವರ್ಷದ ಅತಿ ಬಿಸಿ ಕೆಲಸ ಇರುವುದು. ಉಡುಪಿ, ಮಂಗಳೂರಿನವರಿಗೆ ಒಂದು ಕಡೆಗೇ ಒಂಬೈನೂರು ಕಿಲೋಮೀಟರ್ ಹತ್ತಿರ ಆಗುತ್ತದೆ, ಹಾಗಾಗಿ ರಾತ್ರಿ ತಂಗಿದ ಕಡೆ ಬೆಳಿಗ್ಗೆ ಒಮ್ಮೆ ಡಿಪ್‌ಸ್ಟಿಕ್ ನೋಡಿ.

ತೆಗೆದ ಹಳೆ ಆಯಿಲ್ ಎಲ್ಲಿ ಹೋಗುತ್ತದೆ ಅಂತಲೂ ಕೇಳಿ. 2016ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಒಳ್ಳೆಯ ಗ್ಯಾರೇಜ್‌ಗಳು ಪೀಪಾಯಿಯಲ್ಲಿ ಕೂಡಿಟ್ಟು, ಲೈಸೆನ್ಸ್ ಇರುವ ಶುದ್ಧೀಕರಣ ಘಟಕದವರಿಗೆ ಕೊಡುತ್ತವೆ, ಅಲ್ಲಿ ಅದು ಮತ್ತೆ ಬೇಸ್ ಆಯಿಲ್ ಆಗಬಹುದು. ಮನೆಯಲ್ಲಿ ಬದಲಾಯಿಸಿದವರು ಹಳೆಯದನ್ನು ಅದೇ ಡಬ್ಬಿಗೆ ತುಂಬಿ ಅಂಥ ಗ್ಯಾರೇಜಿಗೆ ಕೊಟ್ಟುಬನ್ನಿ, ಡಬ್ಬಿಗೆ ತೂತು ಹೊಡೆಯುವುದು ಅದು ಖಾಲಿಯಾದ ಮೇಲೆ. ಗಟಾರಕ್ಕೆ ಸುರಿದರೆ ಅದು ನೇರ ಮಿಠಿ ನದಿಗೋ ಖಾಡಿಗೋ ಸೇರುತ್ತದೆ. ಹೊರಡುವ ಮೊದಲು ಬಾನೆಟ್ ಒಳಗೆ ಒಂದು ಸ್ಟಿಕರ್ ಅಂಟಿಸಿ ತಾರೀಕು, ಕಿಲೋಮೀಟರ್, ಗ್ರೇಡ್ ಬರೆಸಿ, ಟ್ರಿಪ್ ಬಿ ಸೊನ್ನೆ ಮಾಡಿ.